ಕಸಿ ಮಾಡಿದ ಶ್ವಾಸಕೋಶದ ಅಂಗಾಂಶ ಕಾಲಕ್ರಮದಲ್ಲಿ ಹೇಗೆ ಬದಲಾಗುತ್ತದೆ: ಪದೇ ಪದೇ ಕೇಳುವ ಪ್ರಶ್ನೆಗಳು

ಶ್ವಾಸಕೋಶ ಕಸಿಯಾದವರ ಕೈಗೆ ಬರುವ ಬಯಾಪ್ಸಿ (ಅಂಗಾಂಶದ ತುಣುಕಿನ ಪರೀಕ್ಷೆ) ವರದಿಯಲ್ಲಿ 'ಎ1 ಬಿ0 ಸಿ0' ಎಂಬಂಥ ಸಾಲುಗಳಿರುತ್ತವೆ. ಆ ಅಕ್ಷರಗಳ ಹಿಂದೆ ಅಂಗಾಂಶದಲ್ಲಿ ನಿಜಕ್ಕೂ ಏನು ನಡೆಯುತ್ತಿರುತ್ತದೆ, ಯಾವ ಬದಲಾವಣೆ ಗುಣವಾಗುತ್ತದೆ, ಯಾವುದು ಆಗುವುದಿಲ್ಲ ಎಂಬುದು ಇಲ್ಲಿದೆ. ಕಸಿಯಾದವರಿಗೂ ಅವರನ್ನು ನೋಡಿಕೊಳ್ಳುವ ಮನೆಯವರಿಗೂ ಅರ್ಥವಾಗುವಂತೆ ಬರೆದಿದ್ದೇವೆ. ಔಷಧದ ಪ್ರಮಾಣವನ್ನು ಮಾತ್ರ ನಿಮ್ಮ ಕಸಿ ತಂಡವನ್ನು ಕೇಳದೆ ಬದಲಿಸಬೇಡಿ.

ಮೂತ್ರಪಿಂಡ, ಯಕೃತ್ತಿಗಿಂತ ಶ್ವಾಸಕೋಶದ ಕಸಿಗೇ ಹೆಚ್ಚು ತೊಂದರೆ ಏಕೆ?

ದೇಹದೊಳಗಿದ್ದೂ ಹೊರಗಿನ ಗಾಳಿಗೆ ತೆರೆದುಕೊಂಡಿರುವ ಅಂಗ ಇದು. ಧೂಳು, ವೈರಸ್, ಬೂಷ್ಟಿನ ಬೀಜಕಣ, ಹೊಟ್ಟೆಯಿಂದ ಮೇಲೆ ಬರುವ ಆಮ್ಲ ಎಲ್ಲವೂ ನೇರವಾಗಿ ತಲುಪುತ್ತವೆ. ಹೀಗಾಗಿ ಶ್ವಾಸಕೋಶದಲ್ಲಿ ರೋಗನಿರೋಧಕ ಕೋಶಗಳು ಮೊದಲೇ ದಂಡಿಯಾಗಿರುತ್ತವೆ. ದಾನಿಯ ಅಂಗಾಂಶ ಪರಕೀಯ ಎಂದು ಅವು ಒಮ್ಮೆ ಗುರುತಿಸಿದರೆ, ಪ್ರತಿ ಸೋಂಕೂ ಆ ಜಗಳಕ್ಕೆ ಹೊಸ ನೆಪವಾಗುತ್ತದೆ. ಈ ಜಗಳಕ್ಕೇ 'ತಿರಸ್ಕಾರ' ಎಂದು ಹೆಸರು.

ಶಸ್ತ್ರಚಿಕಿತ್ಸೆಯಲ್ಲಿ ಕಡಿದುಹೋಗುವ ಸಂಪರ್ಕಗಳದ್ದು ಇನ್ನೊಂದು ಕಥೆ. ನರಗಳು ತುಂಡಾಗುವುದರಿಂದ ಹೊಲಿಗೆಯ ಕೆಳಗೆ ಕಫವೋ ಆಹಾರದ ಕಣವೋ ಸೇರಿದರೂ ಕೆಮ್ಮು ಬರಲಿಕ್ಕಿಲ್ಲ. ಕಫವನ್ನು ಮೇಲಕ್ಕೆ ತಳ್ಳುವ ಸೂಕ್ಷ್ಮ ರೋಮಗಳ ಕೆಲಸ ಕುಂಠಿತವಾಗುತ್ತದೆ. ದುಗ್ಧರಸ ನಾಳಗಳು ಮತ್ತೆ ಬೆಸೆದುಕೊಳ್ಳಲು ವಾರಗಳು ಬೇಕು; ಅಲ್ಲಿಯವರೆಗೆ ಶ್ವಾಸಕೋಶದಲ್ಲಿ ನೀರು ಸುಲಭವಾಗಿ ನಿಲ್ಲುತ್ತದೆ.

ಮೊದಲ 3 ದಿನಗಳಲ್ಲಿ ಅಂಗಾಂಶಕ್ಕೆ ಏನಾಗುತ್ತದೆ?

ದಾನಿಯ ಶ್ವಾಸಕೋಶ ಕೆಲವು ಗಂಟೆ ರಕ್ತವಿಲ್ಲದೆ ತಣ್ಣಗಿರುತ್ತದೆ. ಆಮೇಲೆ ಒಮ್ಮೆಲೇ ರಕ್ತ ಹರಿದಾಗ ಸೂಕ್ಷ್ಮ ರಕ್ತನಾಳಗಳ ಒಳಪದರ ಸೋರತೊಡಗುತ್ತದೆ, ಗಾಳಿಗೂಡುಗಳಿಗೆ ದ್ರವ ನುಗ್ಗುತ್ತದೆ. ತೀವ್ರವಾದರೆ ಗಾಳಿಗೂಡಿನ ಗೋಡೆಯ ಮೇಲೆ ಗಾಜಿನಂಥ ಗುಲಾಬಿ ಪೊರೆ ಕಟ್ಟುತ್ತದೆ; ಸೂಕ್ಷ್ಮದರ್ಶಕದಲ್ಲಿ ಅದು ಸ್ಪಷ್ಟವಾಗಿ ಕಾಣುತ್ತದೆ. ಕಸಿಯ ಆರಂಭಿಕ ವೈಫಲ್ಯ, ಅಂದರೆ ಪಿಜಿಡಿ, ಎನ್ನುವುದು ಇದನ್ನೇ.

ಇದನ್ನು ಅಳೆಯುವುದು ಬಯಾಪ್ಸಿಯಿಂದಲ್ಲ. ಎಕ್ಸ್‌ರೇಯಲ್ಲಿ ಎರಡೂ ಕಡೆ ಮಬ್ಬು ಇದೆಯೇ ಎಂದು ನೋಡಿ, ರಕ್ತದ ಆಮ್ಲಜನಕದ ಒತ್ತಡವನ್ನು ಕೊಡುತ್ತಿರುವ ಆಮ್ಲಜನಕದ ಅಂಶದಿಂದ ಭಾಗಿಸುತ್ತಾರೆ. ಮಬ್ಬಿದ್ದು ಅನುಪಾತ 300ಕ್ಕಿಂತ ಹೆಚ್ಚಿದ್ದರೆ 1ನೇ ದರ್ಜೆ, 200ರಿಂದ 300 ಇದ್ದರೆ 2ನೇ ದರ್ಜೆ, 200ಕ್ಕಿಂತ ಕಡಿಮೆಯಾದರೆ 3ನೇ ದರ್ಜೆ. ಹೆಚ್ಚಿನವರು ಇದರಿಂದ ಚೇತರಿಸಿಕೊಳ್ಳುತ್ತಾರೆ. ಆದರೆ 48ರಿಂದ 72 ಗಂಟೆಯಾದರೂ 3ನೇ ದರ್ಜೆಯಲ್ಲೇ ಇದ್ದವರಲ್ಲಿ ವರ್ಷಗಳ ನಂತರ ದೀರ್ಘಕಾಲೀನ ತಿರಸ್ಕಾರದ ಅಪಾಯ ಹೆಚ್ಚು. ಆದ್ದರಿಂದ ಈ ಮೂರು ದಿನಗಳ ದಾಖಲೆಯನ್ನು ಹಳೆಯ ಕಾಗದವೆಂದು ಎಸೆಯಬಾರದು.

ಹೊಲಿಗೆ ಹಾಕಿದ ಜಾಗದಲ್ಲಿ ಶ್ವಾಸನಾಳ ಕಪ್ಪಾಗಿದೆ ಎಂದರು. ಇದು ತಿರಸ್ಕಾರವೇ?

ಅಲ್ಲ, ರಕ್ತದ ಕೊರತೆ. ಶ್ವಾಸನಾಳದ ಗೋಡೆಗೆ ಆಮ್ಲಜನಕವಿರುವ ರಕ್ತ ಒದಗಿಸುವ ಸಣ್ಣ ಅಪಧಮನಿಗಳನ್ನು ಸಾಮಾನ್ಯವಾಗಿ ಮರುಜೋಡಿಸುವುದಿಲ್ಲ. ಹೊಸ ಕವಲುಗಳು ಬೆಳೆಯುವ 2ರಿಂದ 4 ವಾರ, ಶ್ವಾಸಕೋಶದ ಕಡೆಯಿಂದ ಹಿಮ್ಮುಖವಾಗಿ ಬರುವ, ಆಮ್ಲಜನಕ ಕಡಿಮೆಯಿರುವ ರಕ್ತವೇ ಗತಿ. ದಾನಿಯ ಶ್ವಾಸನಾಳವನ್ನು ಸಾಧ್ಯವಾದಷ್ಟು ಗಿಡ್ಡವಾಗಿ, ಮೇಲಿನ ಹಾಲೆಯ ಕವಲಿನಿಂದ ಒಂದೆರಡು ಮೃದ್ವಸ್ಥಿ ಉಂಗುರ ಬಿಟ್ಟು ಕತ್ತರಿಸುವುದು ಇದಕ್ಕಾಗಿಯೇ. ಸತ್ತ ಪದರ ಕಳಚಿ ಗಾಯ ಮಾಯುವಾಗ ಕೆಲವರಲ್ಲಿ ನಾಳ ಕಿರಿದಾಗುತ್ತದೆ. ಉಸಿರಾಡುವಾಗ ಒಂದೇ ಕಡೆ ಸೀಟಿಯಂಥ ಸದ್ದು ಕೇಳಿದರೆ ಮೊದಲು ಸಂಶಯಿಸಬೇಕಾದ್ದು ಇದನ್ನು. ಬಲೂನಿನಿಂದ ಹಿಗ್ಗಿಸುವುದು, ಅದು ಸಾಲದಿದ್ದರೆ ಸ್ಟೆಂಟ್ ಇಡುವುದು ಚಿಕಿತ್ಸೆ.

ವರದಿಯಲ್ಲಿರುವ 'ಎ' ದರ್ಜೆ ಎಂದರೇನು?

ತೀವ್ರ ತಿರಸ್ಕಾರದ ಅಳತೆ. ಐಎಸ್‌ಎಚ್‌ಎಲ್‌ಟಿ ಎಂಬ ಅಂತರರಾಷ್ಟ್ರೀಯ ಸಂಸ್ಥೆ 1990ರಲ್ಲಿ ರೂಪಿಸಿ 1996 ಮತ್ತು 2007ರಲ್ಲಿ ಪರಿಷ್ಕರಿಸಿದ ಪದ್ಧತಿ ಇದು. ಸಣ್ಣ ರಕ್ತನಾಳಗಳ ಸುತ್ತ ಲಿಂಫೋಸೈಟ್ ಎಂಬ ಬಿಳಿ ರಕ್ತಕಣಗಳು ಎಷ್ಟು ಮುತ್ತಿಕೊಂಡಿವೆ ಎಂದು ನೋಡುತ್ತಾರೆ.

ಎ0 ಅಂದರೆ ಏನೂ ಇಲ್ಲ. ಎ1ರಲ್ಲಿ ಅಲ್ಲೊಂದು ಇಲ್ಲೊಂದು ರಕ್ತನಾಳದ ಸುತ್ತ ಎರಡು ಮೂರು ಕೋಶಗಳಷ್ಟು ದಪ್ಪದ ಉಂಗುರ. ಸೂಕ್ಷ್ಮದರ್ಶಕದ ಕಡಿಮೆ ವರ್ಧನೆಯಲ್ಲಿ ಅದು ಕಣ್ತಪ್ಪಿಹೋಗಬಹುದು. ಎ2ರಲ್ಲಿ ಉಂಗುರಗಳು ದೂರದಿಂದಲೇ ಎದ್ದು ಕಾಣುತ್ತವೆ, ರಕ್ತನಾಳದ ಒಳಪದರದ ಅಡಿಗೂ ಕೋಶಗಳು ನುಸುಳಿರಬಹುದು. ಎ3ರಲ್ಲಿ ದಾಳಿ ರಕ್ತನಾಳದ ಗಡಿ ದಾಟಿ ಗಾಳಿಗೂಡುಗಳ ಗೋಡೆಗೆ ಹಬ್ಬಿರುತ್ತದೆ. ಎ4ರಲ್ಲಿ ಗಾಳಿಗೂಡುಗಳೇ ಹಾಳಾಗಿ, ಮೊದಲು ಹೇಳಿದ ಗುಲಾಬಿ ಪೊರೆ ಮತ್ತೆ ಕಾಣಿಸಿಕೊಳ್ಳುತ್ತದೆ.

ತೀವ್ರ ತಿರಸ್ಕಾರ ಹೆಚ್ಚಾಗಿ ಮೊದಲ ವರ್ಷದ ಮಾತು. ಎ2 ಮತ್ತು ಅದಕ್ಕಿಂತ ಮೇಲಿನದಕ್ಕೆ ಸಾಮಾನ್ಯವಾಗಿ ಮಿಥೈಲ್‌ಪ್ರೆಡ್ನಿಸೊಲೋನ್ ದಿನಕ್ಕೆ 500ರಿಂದ 1000 ಮಿಲಿಗ್ರಾಂ, 3 ದಿನ, ರಕ್ತನಾಳದ ಮೂಲಕ ಕೊಡುತ್ತಾರೆ. ತೊಂದರೆಯೇ ಕಾಣದ ಎ1ಕ್ಕೆ ಚಿಕಿತ್ಸೆ ಬೇಕೇ ಎಂಬ ಬಗ್ಗೆ ಕೇಂದ್ರದಿಂದ ಕೇಂದ್ರಕ್ಕೆ ಅಭಿಪ್ರಾಯ ಬೇರೆ. ಆದರೆ ಎ1 ಪದೇ ಪದೇ ಬರುತ್ತಿದ್ದರೆ ಅದನ್ನು ಹಗುರವಾಗಿ ತೆಗೆದುಕೊಳ್ಳುವುದು ಸರಿಯಲ್ಲವೆಂದೇ ನಮ್ಮ ಅಭಿಪ್ರಾಯ.

'ಬಿ', 'ಸಿ', 'ಡಿ'?

'ಬಿ' ಎಂದರೆ ಕಿರುಶ್ವಾಸನಾಳಗಳ ಸುತ್ತಲಿನ ಉರಿಯೂತ: ಬಿ0 ಇಲ್ಲ, ಬಿ1ಆರ್ ಕಡಿಮೆ, ಬಿ2ಆರ್ ಹೆಚ್ಚು. ಬಿಎಕ್ಸ್ ಎಂದು ಬರೆದಿದ್ದರೆ ತುಣುಕಿನಲ್ಲಿ ಕಿರುಶ್ವಾಸನಾಳವೇ ಸಿಕ್ಕಿಲ್ಲ ಅಥವಾ ಸೋಂಕಿನಂಥ ಕಾರಣಕ್ಕೆ ದರ್ಜೆ ಹೇಳಲಾಗದು ಎಂದರ್ಥ. ಅದನ್ನು 'ಚೆನ್ನಾಗಿದೆ' ಎಂದು ಓದಿಕೊಳ್ಳಬೇಡಿ. 'ಸಿ' ಕಿರುಶ್ವಾಸನಾಳದ ಕಾಯಂ ಗಾಯಗಟ್ಟುವಿಕೆ: ಸಿ0 ಇಲ್ಲ, ಸಿ1 ಇದೆ. 'ಡಿ' ರಕ್ತನಾಳಗಳ ಗೋಡೆ ದಪ್ಪಗಟ್ಟುವುದು; ಸಣ್ಣ ತುಣುಕುಗಳಲ್ಲಿ ಇದನ್ನು ನಿರ್ಧರಿಸುವುದು ಕಷ್ಟ.

ಬಯಾಪ್ಸಿಯಲ್ಲಿ ಅಷ್ಟೊಂದು ತುಣುಕು ಏಕೆ ತೆಗೆಯುತ್ತಾರೆ?

ಬ್ರಾಂಕೋಸ್ಕೋಪ್ (ಶ್ವಾಸನಾಳದೊಳಗೆ ಬಿಡುವ ಕ್ಯಾಮೆರಾ ಕೊಳವೆ) ಮೂಲಕ ಇಳಿಸುವ ಚಿಮಟ ಹಿಡಿಯುವ ತುಣುಕು ಎರಡು ಮೂರು ಮಿಲಿಮೀಟರ್ ಅಷ್ಟೇ. ತಿರಸ್ಕಾರವೋ ಎಲ್ಲ ಕಡೆ ಸಮನಾಗಿ ಹರಡಿರುವುದಿಲ್ಲ. ದರ್ಜೆ ಹೇಳಲು ಗಾಳಿಗೂಡುಗಳಿರುವ ಕನಿಷ್ಠ 5 ಒಳ್ಳೆಯ ತುಣುಕು ಬೇಕು. ಪ್ರತಿಯೊಂದರಲ್ಲಿ ಕಿರುಶ್ವಾಸನಾಳವೂ 100ಕ್ಕಿಂತ ಹೆಚ್ಚು ಗಾಳಿಗೂಡುಗಳೂ ಇರಬೇಕು. ಬರೀ ಲೋಳೆಪದರವೋ ರಕ್ತವೋ ಬಂದ ತುಣುಕುಗಳು ಲೆಕ್ಕಕ್ಕಿಲ್ಲ. ಹೀಗಾಗಿ 8ರಿಂದ 10 ತೆಗೆಯುವುದು ರೂಢಿ.

ತುಣುಕುಗಳನ್ನು ಫಾರ್ಮಲಿನ್‌ನಲ್ಲಿ ಹಾಕಿ ಮೆಲ್ಲಗೆ ಅಲುಗಾಡಿಸುತ್ತಾರೆ. ಚಿಮಟದ ಒತ್ತಡಕ್ಕೆ ಮುದುಡಿದ ಗಾಳಿಗೂಡುಗಳು ಆಗ ಮತ್ತೆ ಅರಳುತ್ತವೆ. ಈ ಸಣ್ಣ ಕೆಲಸ ತಪ್ಪಿದರೆ ಮುದುಡಿದ ಅಂಗಾಂಶ ಉರಿಯೂತದಂತೆಯೇ ಕಂಡು ವರದಿ ದಾರಿ ತಪ್ಪುತ್ತದೆ. ಮೇಣದಲ್ಲಿ ಹುದುಗಿಸಿದ ಮೇಲೆ ಕನಿಷ್ಠ 3 ಬೇರೆ ಬೇರೆ ಆಳಗಳಲ್ಲಿ ಪದರ ಕತ್ತರಿಸಿ ಸಾಮಾನ್ಯ ಬಣ್ಣ ಹಾಕುತ್ತಾರೆ. ನಾರಿನಂಶ ನೋಡಲು ಒಂದು ಬಣ್ಣ, ಶಿಲೀಂಧ್ರ ಹುಡುಕಲು ಬೆಳ್ಳಿಯ ಬಣ್ಣ ಪ್ರತ್ಯೇಕ.

ರಕ್ತ ಬರುವುದು, ಶ್ವಾಸಕೋಶದ ಸುತ್ತ ಗಾಳಿ ಸೇರುವುದು ಇದರ ಮುಖ್ಯ ಅಪಾಯಗಳು. ಮನೆಗೆ ಬಂದ ಮೇಲೆ ಎದೆಯ ಒಂದು ಬದಿಯಲ್ಲಿ ಚುಚ್ಚುವ ನೋವು, ಹಠಾತ್ ಏದುಸಿರು ಕಂಡರೆ ಬೆಳಗಾಗುವವರೆಗೆ ಕಾಯಬೇಡಿ.

ಬಯಾಪ್ಸಿ 'ಎ0 ಸಿ0', ಆದರೂ ಮೆಟ್ಟಿಲು ಹತ್ತಲಾಗುತ್ತಿಲ್ಲ. ಇದು ಹೇಗೆ?

ಈ ಪುಟದಲ್ಲಿ ಒಂದೇ ಉತ್ತರ ಓದುವುದಾದರೆ ಇದನ್ನು ಓದಿ. ದೀರ್ಘಕಾಲೀನ ಹಾನಿ ನಡೆಯುವುದು ಸಾಮಾನ್ಯವಾಗಿ 2 ಮಿಲಿಮೀಟರಿಗಿಂತ ಕಿರಿದಾದ ನಾಳಗಳಲ್ಲಿ, ಅದೂ ತುಂಡು ತುಂಡಾಗಿ. ಒಂದೇ ನಾಳದ ಈ ತುದಿ ಮುಚ್ಚಿರುತ್ತದೆ, ಸ್ವಲ್ಪ ಮುಂದೆ ತೆರೆದಿರುತ್ತದೆ. ಚಿಮಟಕ್ಕೆ ಅಂಥ ಜಾಗವೇ ಸಿಗುವುದು ಅದೃಷ್ಟದ ಮಾತು. ಎಕ್ಸ್‌ರೇಯಲ್ಲೂ ಕಾಣುವುದಿಲ್ಲ. ಇಂಥ ನಾಳಗಳು ಸಾವಿರಾರು ಇರುವುದರಿಂದ ಬಹಳಷ್ಟು ಮುಚ್ಚುವವರೆಗೂ ಉಸಿರಿನಲ್ಲಿ ವ್ಯತ್ಯಾಸ ಗೊತ್ತಾಗುವುದೂ ಇಲ್ಲ. ಸಿ1 ಸಿಕ್ಕರೆ ರೋಗ ಇದೆ ಎನ್ನಬಹುದು; ಸಿ0 ಬಂದರೆ ಇಲ್ಲ ಎನ್ನಲಾಗದು. ಹಾಗಾಗಿಯೇ ದೀರ್ಘಕಾಲೀನ ತಿರಸ್ಕಾರವನ್ನು ಅಂಗಾಂಶದಿಂದಲ್ಲ, ಊದುವ ಪರೀಕ್ಷೆಯ ಅಂಕಿಯಿಂದ ನಿರ್ಧರಿಸುತ್ತಾರೆ.

ಆ ನಾಳಗಳು ಮುಚ್ಚುವುದು ಯಾವ ಕ್ರಮದಲ್ಲಿ?

ಮೊದಲು ಒಳಪದರಕ್ಕೆ ಪೆಟ್ಟು ಬೀಳುತ್ತದೆ. ಪದರದ ಅಡಿಯಲ್ಲಿ ಲಿಂಫೋಸೈಟ್‌ಗಳು ಸೇರುತ್ತವೆ, ಪದರ ಅಲ್ಲಲ್ಲಿ ಉದುರುತ್ತದೆ. ಬರಿದಾದ ಗೋಡೆಯನ್ನು ಮುಚ್ಚಲು ನಾರುಕೋಶಗಳು ಬಂದು ಕೊಲಾಜೆನ್ ಎಂಬ ಗಟ್ಟಿ ನಾರು ಹಾಕುತ್ತವೆ. ಗಾಯ ಮಾಯಿಸುವ ಈ ಕೆಲಸ ನಿಲ್ಲಬೇಕಾದಲ್ಲಿ ನಿಲ್ಲದೆ ನಾಳದ ಒಳಕ್ಕೆ ಬೆಳೆಯುತ್ತ ಹೋಗುತ್ತದೆ. ದುಂಡಗಿನ ರಂಧ್ರ ಸೀಳಿನಂತಾಗಿ ಕೊನೆಗೆ ಇಲ್ಲವಾಗುತ್ತದೆ.

ಪೂರ್ತಿ ಮುಚ್ಚಿದ ನಾಳವನ್ನು ಸೂಕ್ಷ್ಮದರ್ಶಕದಲ್ಲಿ ಹುಡುಕುವುದೇ ಒಂದು ಪತ್ತೇದಾರಿ. ಕಿರುಶ್ವಾಸನಾಳದ ಪಕ್ಕ ಯಾವಾಗಲೂ ಒಂದು ಅಪಧಮನಿ ಜೊತೆಗಿರುತ್ತದೆ. ಅಪಧಮನಿ ಮಾತ್ರ ಒಂಟಿಯಾಗಿ ಕಂಡರೆ ರೋಗಶಾಸ್ತ್ರಜ್ಞರು ಅದರ ಜೊತೆಗಾರನನ್ನು ಹುಡುಕುತ್ತಾರೆ. ಸ್ಥಿತಿಸ್ಥಾಪಕ ನಾರಿನ ಬಣ್ಣ ಹಾಕಿದಾಗ ಹಳೆಯ ಗೋಡೆಯ ಉಂಗುರ ಮೂಡುತ್ತದೆ, ಅದರೊಳಗೆ ಬರೀ ಗಾಯದ ಕಲೆ. ಅದರಾಚೆಯ ಗಾಳಿಗೂಡುಗಳು ಹೆಚ್ಚಾಗಿ ಆರೋಗ್ಯವಾಗಿಯೇ ಇರುತ್ತವೆ, ಗಾಳಿ ಹೋಗುವ ದಾರಿ ಮಾತ್ರ ಇಲ್ಲ.

ಬಿಓಎಸ್, ಆರ್‌ಎಎಸ್, ಕ್ಲಾಡ್: ಇವೆಲ್ಲ ಒಂದೇ ರೋಗವೇ?

ಕ್ಲಾಡ್ ಎಂಬುದು ಒಟ್ಟು ಹೆಸರು: ಕಸಿ ಶ್ವಾಸಕೋಶದ ದೀರ್ಘಕಾಲೀನ ಕಾರ್ಯಕುಸಿತ. ಕಸಿಯಾದ 5 ವರ್ಷದೊಳಗೆ ಸುಮಾರು ಅರ್ಧದಷ್ಟು ಮಂದಿಯಲ್ಲಿ ಕಾಣಿಸಿಕೊಳ್ಳುತ್ತದೆ. ಬಿಓಎಸ್, ಆರ್‌ಎಎಸ್ ಅದರ ಎರಡು ಮುಖ್ಯ ರೂಪಗಳು. ಎರಡೂ ಸೇರಿದ ಮಿಶ್ರ ರೂಪವೂ ಇದೆ.

ಬಿಓಎಸ್‌ನಲ್ಲಿ ಮೇಲೆ ವಿವರಿಸಿದಂತೆ ಕಿರುನಾಳಗಳು ಮುಚ್ಚುತ್ತವೆ. ಗಾಳಿ ಒಳಹೋಗುತ್ತದೆ, ಹೊರಬರಲು ತಡವರಿಸುತ್ತದೆ. 1 ಸೆಕೆಂಡಿನಲ್ಲಿ ಊದಿದ ಗಾಳಿಯನ್ನು ಒಟ್ಟು ಊದಿದ ಗಾಳಿಯಿಂದ ಭಾಗಿಸಿದರೆ 0.7ಕ್ಕಿಂತ ಕಡಿಮೆ ಬರುತ್ತದೆ. ಸಿಟಿ ಸ್ಕ್ಯಾನನ್ನು ಉಸಿರು ಎಳೆದು ಒಮ್ಮೆ, ಪೂರ್ತಿ ಬಿಟ್ಟು ಒಮ್ಮೆ ತೆಗೆಯಬೇಕು. ಗಾಳಿ ಸಿಕ್ಕಿಕೊಂಡ ಜಾಗಗಳು ಬಿಟ್ಟ ಉಸಿರಿನ ಚಿತ್ರದಲ್ಲಿ ಕಪ್ಪು ತೇಪೆಗಳಾಗಿ ಉಳಿಯುತ್ತವೆ, ಎಳೆದ ಉಸಿರಿನ ಚಿತ್ರದಲ್ಲಿ ಎಲ್ಲವೂ ಸರಿಯಾಗಿಯೇ ಕಾಣಬಹುದು.

ಆರ್‌ಎಎಸ್‌ನಲ್ಲಿ ಗಾಳಿಗೂಡುಗಳೇ ನಾರುಗಟ್ಟುತ್ತವೆ. ಗಾಳಿಗೂಡಿನ ಒಳಗೆ ಕೊಲಾಜೆನ್ ತುಂಬಿ, ಗೋಡೆಗಳಲ್ಲಿ ಸ್ಥಿತಿಸ್ಥಾಪಕ ನಾರು ದಪ್ಪವಾಗಿ, ಶ್ವಾಸಕೋಶದ ಹೊರಪೊರೆಯೂ ಗಡುಸಾಗುತ್ತದೆ. ಮೇಲಿನ ಹಾಲೆಗಳಲ್ಲಿ ಹೆಚ್ಚು. ಶ್ವಾಸಕೋಶ ಕುಗ್ಗುವುದರಿಂದ ಒಟ್ಟು ಗಾಳಿ ಸಾಮರ್ಥ್ಯ 10% ಅಥವಾ ಹೆಚ್ಚು ಇಳಿಯುತ್ತದೆ, ಸಿಟಿಯಲ್ಲಿ ಮಾಸದ ಬಿಳಿ ಛಾಯೆ ಕಾಣುತ್ತದೆ. ಇದು ಬಿಓಎಸ್‌ಗಿಂತ ಕಡಿಮೆ ಜನರಿಗೆ ಬರುತ್ತದೆ, ಬಂದರೆ ಹೆಚ್ಚು ವೇಗವಾಗಿ ಸಾಗುತ್ತದೆ. ಹೆಸರು ಕೇಳಿ ಸುಮ್ಮನಾಗದೆ ಯಾವ ರೂಪ ಎಂದು ಕೇಳಿ ತಿಳಿದುಕೊಳ್ಳಿ, ಏಕೆಂದರೆ ಮುಂದಿನ ಯೋಜನೆ ಅದರ ಮೇಲೆಯೇ ನಿಂತಿದೆ.

ಹಂತವನ್ನು ಲೆಕ್ಕ ಹಾಕುವುದು ಹೇಗೆ?

ಜೋರಾಗಿ ಊದಿದಾಗ ಮೊದಲ 1 ಸೆಕೆಂಡಿನಲ್ಲಿ ಹೊರಬರುವ ಗಾಳಿಯ ಪ್ರಮಾಣಕ್ಕೆ ಎಫ್‌ಇವಿ1 ಎಂದು ಹೆಸರು. ಕಸಿಯ ನಂತರದ ಅತ್ಯುತ್ತಮ ಎರಡು ಅಳತೆಗಳ ಸರಾಸರಿ ನಿಮ್ಮ ಮೂಲ ಅಂಕಿ. ಆ ಎರಡರ ನಡುವೆ ಕನಿಷ್ಠ 3 ವಾರ ಅಂತರವಿರಬೇಕು. ಉದಾಹರಣೆಗೆ 2.9 ಮತ್ತು 3.1 ಲೀಟರ್ ಇದ್ದರೆ ಮೂಲ ಅಂಕಿ 3.0.

ಈಗಿನ ಅಳತೆ ಅದರ 80% ಅಥವಾ ಅದಕ್ಕಿಂತ ಕೆಳಗಿಳಿದರೆ, ಅಂದರೆ 2.4 ಲೀಟರ್ ಮುಟ್ಟಿದರೆ, ಸಂಶಯ ಶುರು. 3 ವಾರದೊಳಗಿನ ಇಳಿತವನ್ನು ಸಂಭಾವ್ಯ ಎನ್ನುತ್ತಾರೆ, 3 ವಾರ ದಾಟಿದರೆ ಬಹುಮಟ್ಟಿಗೆ ಹೌದು, 3 ತಿಂಗಳಾದರೂ ಮೇಲೇಳದಿದ್ದರೆ ಖಚಿತ. 80%ರಿಂದ 65%ವರೆಗೆ 1ನೇ ಹಂತ, 65ರಿಂದ 50ರವರೆಗೆ 2ನೆಯದು, 50ರಿಂದ 35ರವರೆಗೆ 3ನೆಯದು, 35% ಮತ್ತು ಕೆಳಗೆ 4ನೆಯದು. ಮೇಲಿನ ಉದಾಹರಣೆಯವರು 1.4 ಲೀಟರ್ ಊದಿದರೆ 47%, ಅಂದರೆ 3ನೇ ಹಂತ. ಈ ಲೆಕ್ಕ 2019ರಲ್ಲಿ ಪ್ರಕಟವಾದ ಅಂತರರಾಷ್ಟ್ರೀಯ ಒಮ್ಮತದ್ದು.

ಮನೆಯಲ್ಲಿ ಊದುವಾಗ ಏನು ತಪ್ಪಾಗುತ್ತದೆ?

ಪೂರ್ತಿ ಉಸಿರು ಎಳೆಯದೆ ಊದುವುದು ಎಲ್ಲಕ್ಕಿಂತ ಸಾಮಾನ್ಯ ತಪ್ಪು. ತುಟಿಯ ಸಂದಿನಿಂದ ಗಾಳಿ ಸೋರುವುದು, ಬೆನ್ನು ಬಾಗಿಸಿ ಕೂರುವುದು, ಊಟವಾದ ಕೂಡಲೇ ಊದುವುದು ಉಳಿದವು. ಪ್ರತಿದಿನ ಒಂದೇ ಹೊತ್ತಿಗೆ, ನೆಟ್ಟಗೆ ಕೂತು, 3 ಸಲ ಊದಿ, ದೊಡ್ಡ ಅಂಕಿಯನ್ನು ಬರೆದಿಡಿ. ಸುಸ್ತಾಗಿರುವ ದಿನ ಅಂಕಿ ಕಡಿಮೆ ಬರುತ್ತದೆಂದು ಬಿಟ್ಟುಬಿಡುವವರಿದ್ದಾರೆ. ಬೇಕಾಗಿರುವುದೇ ಆ ದಿನದ ಅಂಕಿ. ಸತತ ಎರಡು ದಿನ 10% ಕಡಿಮೆ ಬಂದರೆ ಜ್ವರ, ಕೆಮ್ಮು ಇಲ್ಲದಿದ್ದರೂ ತಂಡಕ್ಕೆ ಫೋನ್ ಮಾಡಿ.

ಅಂಕಿ ಇಳಿದರೆ ಅದು ತಿರಸ್ಕಾರವೇ ಆಗಿರಬೇಕೇ?

ಇಲ್ಲ. ಸೋಂಕು, ಹೊಲಿಗೆಯ ಜಾಗ ಕಿರಿದಾಗುವುದು, ಶ್ವಾಸಕೋಶದ ಸುತ್ತ ನೀರು, ವಪೆಯ ದುರ್ಬಲತೆ, ತೂಕ ಏರಿಕೆ ಎಲ್ಲವೂ ಅಂಕಿ ಇಳಿಸುತ್ತವೆ. ಒಂದೇ ಶ್ವಾಸಕೋಶ ಕಸಿಯಾದ ಎಂಫಿಸೀಮಾ (ಗಾಳಿಗೂಡುಗಳು ಹಾಳಾಗಿ ಗಾಳಿ ಸಿಕ್ಕಿಕೊಳ್ಳುವ ಕಾಯಿಲೆ) ರೋಗಿಯಲ್ಲಿ ಹಳೆಯ ಶ್ವಾಸಕೋಶ ಉಬ್ಬಿ ಹೊಸದನ್ನು ಅದುಮಬಹುದು. ಇವನ್ನೆಲ್ಲ ಹೊರಗಿಟ್ಟ ಮೇಲೆಯೇ ಕ್ಲಾಡ್ ಎನ್ನಬೇಕು.

ಪ್ರತಿಕಾಯಗಳಿಂದ ಆಗುವ ತಿರಸ್ಕಾರ ಬೇರೆಯೇ?

ಬೇರೆ. ಇಲ್ಲಿ ದಾಳಿ ಮಾಡುವುದು ಲಿಂಫೋಸೈಟ್‌ಗಳ ಮುತ್ತಿಗೆಯಲ್ಲ, ದಾನಿಯ ಕೋಶಗಳ ಮೇಲಿರುವ ಎಚ್‌ಎಲ್‌ಎ ಎಂಬ ಗುರುತುಗಳ ವಿರುದ್ಧ ರಕ್ತದಲ್ಲಿ ಹುಟ್ಟುವ ಪ್ರತಿಕಾಯಗಳು. ಅವು ಸೂಕ್ಷ್ಮ ರಕ್ತನಾಳಗಳ ಗೋಡೆಗೆ ಅಂಟುತ್ತವೆ. ಬಯಾಪ್ಸಿಯಲ್ಲಿ ಗಾಳಿಗೂಡಿನ ಗೋಡೆಯ ಲೋಮನಾಳಗಳಲ್ಲಿ ನ್ಯೂಟ್ರೋಫಿಲ್ ಎಂಬ ಬಿಳಿ ರಕ್ತಕಣಗಳು ಕಿಕ್ಕಿರಿದಿರುತ್ತವೆ, ಸಿ4ಡಿ ಎಂಬ ಬಣ್ಣ ಪರೀಕ್ಷೆ ಧನಾತ್ಮಕವಾಗಬಹುದು. ಆದರೆ ಸೋಂಕಿನಲ್ಲೂ ಇಂಥದೇ ಚಿತ್ರ ಬರುತ್ತದೆ, ಸಿ4ಡಿ ಇಲ್ಲದೆಯೂ ರೋಗ ಇರುತ್ತದೆ. ಹಾಗಾಗಿ ಶ್ವಾಸಕೋಶದ ಕೆಲಸ ಕುಸಿತ, ರಕ್ತದಲ್ಲಿ ಪ್ರತಿಕಾಯ, ಅಂಗಾಂಶದ ಚಿತ್ರ, ಸಿ4ಡಿ ಈ ನಾಲ್ಕನ್ನೂ ಕೂಡಿಸಿ ತೂಗುತ್ತಾರೆ. ಪ್ಲಾಸ್ಮಾ ಬದಲಾವಣೆ, ಇಮ್ಯುನೊಗ್ಲಾಬ್ಯುಲಿನ್, ರಿಟುಕ್ಸಿಮ್ಯಾಬ್ ಬಳಕೆಯಲ್ಲಿರುವ ಚಿಕಿತ್ಸೆಗಳು. ಫಲಿತಾಂಶ ಎಲ್ಲರಲ್ಲೂ ಒಂದೇ ಅಲ್ಲ.

ಸೋಂಕಿಗೂ ತಿರಸ್ಕಾರಕ್ಕೂ ಏನು ಸಂಬಂಧ?

ಎರಡೂ ಒಂದನ್ನೊಂದು ಎಳೆದು ತರುತ್ತವೆ. ಸೈಟೋಮೆಗಲೋ ವೈರಸ್ ಹೊಕ್ಕ ಕೋಶ ದೊಡ್ಡದಾಗಿ ಊದಿ ಗೂಬೆಯ ಕಣ್ಣಿನಂತೆ ಕಾಣುತ್ತದೆ. ಅದು ಕಂಡಾಗ ಸುತ್ತಲಿನ ಉರಿಯೂತವನ್ನು ತಿರಸ್ಕಾರವೆಂದು ಭಾವಿಸಿ ಸ್ಟಿರಾಯ್ಡ್ ಏರಿಸಿದರೆ ಸೋಂಕು ಕೈಮೀರುತ್ತದೆ. ಬಯಾಪ್ಸಿಯ ಜೊತೆಗೇ ಶ್ವಾಸಕೋಶ ತೊಳೆದ ನೀರನ್ನೂ ಪರೀಕ್ಷೆಗೆ ಕಳಿಸುವುದು ಇದಕ್ಕಾಗಿ. ಸಾಮಾನ್ಯ ನೆಗಡಿಯ ವೈರಸ್‌ಗಳು, ಸ್ಯೂಡೋಮೋನಾಸ್ ಬ್ಯಾಕ್ಟೀರಿಯಾ, ಆಸ್ಪರ್ಜಿಲಸ್ ಶಿಲೀಂಧ್ರ ಇವು ಮುಂದೆ ಕ್ಲಾಡ್ ಬರುವ ಅಪಾಯವನ್ನು ಹೆಚ್ಚಿಸುತ್ತವೆ. ನೆಗಡಿ ವಾಸಿಯಾದ ಮೇಲೂ ಕೆಲವು ವಾರ ಅಂಕಿಯ ಮೇಲೆ ಕಣ್ಣಿಡಿ.

ಎದೆಯುರಿಗೂ ಶ್ವಾಸಕೋಶಕ್ಕೂ ಏನು ಸಂಬಂಧ?

ಹೊಟ್ಟೆಯ ರಸ ರಾತ್ರಿ ಮಲಗಿದಾಗ ಮೇಲೇರಿ ಶ್ವಾಸನಾಳಕ್ಕೆ ಇಳಿಯುತ್ತದೆ, ಕೆಮ್ಮು ಬಾರದಿರುವುದರಿಂದ ಗೊತ್ತೂ ಆಗುವುದಿಲ್ಲ. ಅಂಗಾಂಶದಲ್ಲಿ ಆಹಾರದ ಕಣಗಳನ್ನು ಸುತ್ತುವರಿದ ದೈತ್ಯಕೋಶಗಳು, ಕೊಬ್ಬು ತುಂಬಿದ ಕೋಶಗಳು ಇದರ ಸುಳಿವು. ಆಮ್ಲ ತಗ್ಗಿಸುವ ಮಾತ್ರೆ ಆಮ್ಲವನ್ನು ಮಾತ್ರ ತಗ್ಗಿಸುತ್ತದೆ; ಪಿತ್ತರಸ, ಆಹಾರದ ಕಣ ಮೇಲೇರುವುದು ನಿಲ್ಲುವುದಿಲ್ಲ. ಮಂಚದ ತಲೆಭಾಗ ಎತ್ತರಿಸಿ, ಊಟಕ್ಕೂ ನಿದ್ರೆಗೂ 3 ಗಂಟೆ ಅಂತರವಿಡಿ. ತೀವ್ರವಿದ್ದರೆ ಜಠರದ ಬಾಯಿ ಬಿಗಿಗೊಳಿಸುವ ಶಸ್ತ್ರಚಿಕಿತ್ಸೆ ಮಾಡುತ್ತಾರೆ.

ಒಮ್ಮೆ ಗಾಯಗಟ್ಟಿದ್ದು ಮತ್ತೆ ಸರಿಹೋಗುತ್ತದೆಯೇ?

ಲಿಂಫೋಸೈಟ್‌ಗಳ ಉರಿಯೂತ ಇಳಿಯುತ್ತದೆ, ಕೊಲಾಜೆನ್ ಆದ ಮೇಲೆ ಹಿಂದಿರುಗುವುದಿಲ್ಲ. ಚಿಕಿತ್ಸೆಯ ಗುರಿ ಉಳಿದ ನಾಳಗಳನ್ನು ಕಾಪಾಡುವುದು. ಅಜಿಥ್ರೋಮೈಸಿನ್ 250 ಮಿಲಿಗ್ರಾಂ ವಾರಕ್ಕೆ 3 ದಿನದಂತೆ ಕನಿಷ್ಠ 8 ವಾರ ಕೊಟ್ಟು ನೋಡುವುದು ರೂಢಿ. ತೊಳೆದ ನೀರಿನಲ್ಲಿ ನ್ಯೂಟ್ರೋಫಿಲ್ ಹೆಚ್ಚಿರುವ ಕೆಲವರಲ್ಲಿ ಅಂಕಿ ಮತ್ತೆ ಏರುತ್ತದೆ, ಅಂಥವರದ್ದು ಇನ್ನೂ ಗಾಯಗಟ್ಟದ ಹಂತ. ಹೃದಯದ ಲಯದ ಮೇಲೆ ಪರಿಣಾಮ ಇರುವುದರಿಂದ ಮೊದಲು ಇಸಿಜಿ ಮಾಡಿಸಬೇಕು. ಬಳಿಕದ ಆಯ್ಕೆಗಳು ರಕ್ತಕೋಶಗಳಿಗೆ ಬೆಳಕಿನ ಚಿಕಿತ್ಸೆ, ಔಷಧ ಬದಲಾವಣೆ, ಆಯ್ದ ಕೆಲವರಿಗೆ ಮರುಕಸಿ.

ಟ್ಯಾಕ್ರೊಲಿಮಸ್ ಮಟ್ಟ ಏಕೆ ಹೀಗೆ ಏರಿಳಿಯುತ್ತದೆ?

ತಿರಸ್ಕಾರ ತಡೆಯುವ ಈ ಮುಖ್ಯ ಔಷಧದ ಮಟ್ಟ ರಕ್ತದಲ್ಲಿ ಏರಿಳಿಯುವುದು ಹೆಚ್ಚಾಗಿ ಬೇರೆ ಔಷಧಗಳಿಂದ. ವೊರಿಕೊನಜೋಲ್, ಇಟ್ರಾಕೊನಜೋಲ್‌ನಂಥ ಶಿಲೀಂಧ್ರ ಔಷಧಗಳು, ಕ್ಲಾರಿಥ್ರೋಮೈಸಿನ್ ಅದನ್ನು ಏರಿಸುತ್ತವೆ. ಕ್ಷಯದ ರಿಫಾಂಪಿಸಿನ್ ತೀರಾ ಇಳಿಸುತ್ತದೆ. ಅನೇಕರು ಮರೆಯುವ ಅಪಾಯ ಇನ್ನೊಂದು: ಶಿಲೀಂಧ್ರ ಔಷಧ ನಿಲ್ಲಿಸಿದ ದಿನ. ಅದು ನಿಂತ ಮೇಲೆ ಹಳೆಯ ಪ್ರಮಾಣದ ಟ್ಯಾಕ್ರೊಲಿಮಸ್ ಸಾಲದೆ ಮಟ್ಟ ಕುಸಿಯುತ್ತದೆ, ತಿರಸ್ಕಾರಕ್ಕೆ ಬಾಗಿಲು ತೆರೆಯುತ್ತದೆ. ಭೇದಿಯಾದಾಗ ಮಟ್ಟ ಏರಬಹುದು. ದಿನಕ್ಕೆ ಎರಡು ಬಾರಿ ತೆಗೆದುಕೊಳ್ಳುವವರು ರಕ್ತ ಕೊಡುವ ಬೆಳಿಗ್ಗೆ ಮಾತ್ರೆ ನುಂಗದೆ, ಹಿಂದಿನ ಡೋಸ್ ಆಗಿ 12 ಗಂಟೆಗೆ ರಕ್ತ ಕೊಟ್ಟು ಆಮೇಲೆ ನುಂಗಬೇಕು.

ಹಳೆಯ ರೋಗ ಹೊಸ ಶ್ವಾಸಕೋಶಕ್ಕೂ ಬರುತ್ತದೆಯೇ?

ಸಾರ್ಕಾಯ್ಡೋಸಿಸ್ (ಅಂಗಾಂಶದಲ್ಲಿ ಉರಿಯೂತದ ಸಣ್ಣ ಗಂಟುಗಳಾಗುವ ರೋಗ) ಮರಳುವುದುಂಟು, ಹೆಚ್ಚಾಗಿ ಬಯಾಪ್ಸಿಯಲ್ಲಿ ಕಾಣುವಷ್ಟಕ್ಕೇ ನಿಲ್ಲುತ್ತದೆ. ಸಿಸ್ಟಿಕ್ ಫೈಬ್ರೋಸಿಸ್ (ಕಫ ಗಟ್ಟಿಯಾಗುವ ಆನುವಂಶಿಕ ರೋಗ) ಮರಳುವುದಿಲ್ಲ, ಏಕೆಂದರೆ ನಾಳದ ಒಳಪದರ ದಾನಿಯದು. ಆದರೆ ಸೈನಸ್‌ಗಳು ಹಳೆಯವೇ ಆದ್ದರಿಂದ ಅಲ್ಲಿನ ಬ್ಯಾಕ್ಟೀರಿಯಾ ಕೆಳಗಿಳಿಯಬಹುದು.

ಗೆಡ್ಡೆಯಂಥದ್ದು ಕಂಡರೆ?

ಎಬ್‌ಸ್ಟೈನ್‌ ಬಾರ್‌ ವೈರಸ್‌ಗೆ ಸಂಬಂಧಿಸಿದ ಲಿಂಫೋಸೈಟ್‌ಗಳ ಅತಿ ಬೆಳವಣಿಗೆ ಮೊದಲ ವರ್ಷದಲ್ಲಿ ಕಸಿ ಶ್ವಾಸಕೋಶದಲ್ಲೇ ಗಂಟಾಗಿ ಕಾಣಬಹುದು. ದಾನಿಗೆ ಈ ವೈರಸ್ ಸೋಂಕು ಆಗಿದ್ದು, ಪಡೆದವರಿಗೆ ಆಗಿಲ್ಲದಿದ್ದರೆ ಅಪಾಯ ಹೆಚ್ಚು. ಮೊದಲ ಕ್ರಮ ತಿರಸ್ಕಾರ ತಡೆಯುವ ಔಷಧ ತಗ್ಗಿಸುವುದು. ಒಂದೇ ಶ್ವಾಸಕೋಶ ಕಸಿಯಾದವರಲ್ಲಿ ಉಳಿದ ಹಳೆಯ ಶ್ವಾಸಕೋಶದ ಕ್ಯಾನ್ಸರನ್ನೂ ನೋಡುತ್ತಿರಬೇಕು.

ಬೇರೆ ಕೇಂದ್ರಕ್ಕೆ ಹೋಗುವಾಗ ಏನೇನು ಒಯ್ಯಬೇಕು?

ದಿನಾಂಕ ಸಮೇತ ಎಲ್ಲ ಎಫ್‌ಇವಿ1 ಅಂಕಿಗಳು, ಮುಖ್ಯವಾಗಿ ಮೂಲ ಅಂಕಿ ಲೆಕ್ಕ ಹಾಕಿದ ಆ ಎರಡು. ಬಯಾಪ್ಸಿಯ ವರದಿ ಮಾತ್ರ ಸಾಲದು. ಸ್ಲೈಡ್‌ಗಳನ್ನು, ಸಾಧ್ಯವಾದರೆ ಮೇಣದ ಬ್ಲಾಕ್‌ಗಳನ್ನು ಕೇಳಿ ಪಡೆಯಿರಿ. ಎ1 ಮತ್ತು ಬಿ ದರ್ಜೆಗಳನ್ನು ಇಬ್ಬರು ರೋಗಶಾಸ್ತ್ರಜ್ಞರು ಬೇರೆ ಬೇರೆಯಾಗಿ ಓದುವುದು ಅಪರೂಪವಲ್ಲ, ಬ್ಲಾಕ್ ಇದ್ದರೆ ಹೊಸ ಪದರ ಕತ್ತರಿಸಿ ಮತ್ತೆ ನೋಡಬಹುದು. ಸಿಟಿಯ ಚಿತ್ರಗಳಿರುವ ಡಿಸ್ಕ್, ಪ್ರತಿಕಾಯ ಪರೀಕ್ಷೆಗಳು, ದಾನಿಯ ಎಚ್‌ಎಲ್‌ಎ ವಿವರ, ಇಬ್ಬರ ಸೈಟೋಮೆಗಲೋ ಮತ್ತು ಎಬ್‌ಸ್ಟೈನ್‌ ಬಾರ್‌ ಸ್ಥಿತಿ, ಇದುವರೆಗಿನ ಟ್ಯಾಕ್ರೊಲಿಮಸ್ ಮಟ್ಟಗಳು ಜೊತೆಗಿರಲಿ.